ಹನ್ನೆರಡನೇ ನಂಬರಿನ ಎಂಜಲು

ಕರೆದದ್ದು ಹನ್ನೊಂದು ಜನರನ್ನು. ರಿಪೋರ್ಟಿನಲ್ಲಿ ಹನ್ನೆರಡು ಜನರ ಎಂಜಲು ಇತ್ತು.

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನು ಸುಮ್ಮನೆ ನಕ್ಕರೂ ನೀರು ಬೆರೆಸಿದ್ದಾನೆ ಅಂದುಕೊಳ್ಳುವವಳು. ಇನ್ನು ವಾಗೀಶನ ಮೇಲಂತೂ ಮೂರು ತಿಂಗಳಿಂದ ಒಂದು ಕಣ್ಣಿಟ್ಟಿದ್ದೆ.

ಮನಸ್ಸಿಗೆ ಒತ್ತಡವಾದಾಗ ದೇಹ ಏನು ಹೇಳುತ್ತದೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಅದನ್ನು ಯಾವುದರಿಂದ ಅಳೆಯಬೇಕು ಎಂಬುದೇ ನಮ್ಮಿಬ್ಬರ ಜಗಳ. ಎದೆಬಡಿತ ಸಾಕು ಅಂತ ನಾನು. ಎಂಜಲೂ ಬೇಕೇ ಬೇಕು ಅಂತ, ಪಕ್ಕದ ಲ್ಯಾಬಿನಿಂದ ನೆರವಿಗೆ ಬಂದ ವಾಗೀಶ.

"ಎದೆಬಡಿತ ಹೆದರಿಕೆಗೂ ಏರುತ್ತೆ, ಖುಷಿಗೂ ಏರುತ್ತೆ ಕಣ್ರೀ ಮಧುಶ್ರೀ. ಎಂಜಲಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ನೋಡಿದ್ರೆ ಇನ್ನೊಂದು ಸಾಕ್ಷಿ ಸಿಗುತ್ತೆ."

ಹೇಳುತ್ತಾ ನನ್ನ ಕಡೆ ನೋಡಿ, ಥಟ್ಟನೆ ಕಿಟಕಿಯಾಚೆಯ ಬೆಟ್ಟ ನೋಡುತ್ತಿದ್ದ. ಕಿವಿ ಕೆಂಪಗಾಗುತ್ತಿತ್ತು. ಸುಳ್ಳು ಹೇಳುವವರ ಲಕ್ಷಣ ಅಂದುಕೊಂಡೆ.

ಪ್ರಯೋಗಕ್ಕೆ ಬಂದವರಿಗೆ ಒತ್ತಡವಾಗಲೆಂದೇ ನಾವಿಬ್ಬರೂ ಎದುರು ಮುಖ ಗಂಟಿಕ್ಕಿ ಕೂತು, ಸಾವಿರದ ಇಪ್ಪತ್ತೆರಡರಿಂದ ಹದಿಮೂರು ಹದಿಮೂರು ಕಳೆಯುತ್ತಾ ಹೋಗಿ ಅನ್ನುತ್ತಿದ್ದೆವು. ಮೊದಲೊಮ್ಮೆ, ಆಮೇಲೊಮ್ಮೆ ಟ್ಯೂಬಿನಲ್ಲಿ ಎಂಜಲು. ರಾಜೀವನಗರದ ಟೀಚರ್ ವಸಂತಮ್ಮ, "ಎಂಜಲು ಮುಟ್ಟಿ ಕೈ ತೊಳೀದೆ ಹೋಗೋದಾ? ನಲ್ಲಿ ಎಲ್ಲಿ ಕಣಮ್ಮ?" ಅಂದಾಗ ವಾಗೀಶನೇ ಚೊಂಬಿನಲ್ಲಿ ನೀರು ತಂದು ಅವರ ಕೈಗೆ ಹುಯ್ದಿದ್ದ. ಆ ಒಂದು ಗಳಿಗೆ ಅವನು ಬಹಳ ಇಷ್ಟವಾಗಿಬಿಟ್ಟ.

ಆದರೆ ಒಂದು ವಾರದಿಂದ ನಾಲ್ಕು ಗಂಟೆಗೆ ಕಾಫಿಗೆ ಕರೆದರೆ ಬರುತ್ತಿರಲಿಲ್ಲ. ಮೈಸೂರಿನವನು ನಾಲ್ಕು ಗಂಟೆಯ ಕಾಫಿ ಬಿಡುತ್ತಾನೆಂದರೆ ಒಳಗೇನೋ ಇದೆ.

ಈಗ ಈ ಹನ್ನೆರಡನೇ ನಂಬರು. ಎಲ್ಲರದೂ ಎರಡೆರಡು ಟ್ಯೂಬ್, ಇದರದು ಆರು. ಮೂರು ದಿನ ಕಾರ್ಟಿಸಾಲ್ ಜಾಸ್ತಿ, ಮೂರು ದಿನ ಕಡಿಮೆ. ತನ್ನ ವಾದ ಗೆಲ್ಲಲು ಅಂಕಿ ಹುಟ್ಟಿಸಿದ್ದಾನೆ ಅನ್ನಿಸಿತು. ನಾಳೆ ಗೈಡ್ ಚಂದ್ರಮೌಳಿ ಸರ್ ಮುಂದೆ ಇದನ್ನಿಡಬೇಕು. ಒಂದು ಸುಳ್ಳು ಸಿಕ್ಕರೂ ನನ್ನ ಒಂದು ವರ್ಷದ ಕೆಲಸ ಕಸದಬುಟ್ಟಿಗೆ. ಅದಕ್ಕಿಂತ, ಮಾಡಿದವನು ಅವನು ಅನ್ನುವುದೇ ಹೆಚ್ಚು ನೋಯುತ್ತಿತ್ತು.

"ಯಾರ್ರೀ ಈ ಹನ್ನೆರಡು?"

ವಾಗೀಶ ಪೆನ್ನಿಗೆ ಕ್ಯಾಪ್ ಹಾಕಿದ, ತೆಗೆದ, ಮತ್ತೆ ಹಾಕಿದ.

"ನಾನೇ."

"ನನಗೊಂದು ಮಾತೂ ಹೇಳ್ದೆ?"

"ಕಿಟ್ ಸರಿಯಿದ್ಯಾ ಅಂತ ನೋಡೋಕೆ ಶುರು ಮಾಡಿದ್ದು. ದಿನಾ ನಾಲ್ಕಕ್ಕೆ. ಕಾಫಿ ಕುಡಿದ್ರೆ ಸ್ಯಾಂಪಲ್ ಕೆಡುತ್ತಲ್ಲ, ಅದಕ್ಕೇ ಬಿಟ್ಟೆ. ನಿಮ್ಮ ರಿಪೋರ್ಟಿಗೆ ಸೇರ್ಬಾರದಿತ್ತು. ತಪ್ಪು ನಂದೇ."

"ಮತ್ತೆ ಈ ಹೆಚ್ಚು ಕಮ್ಮಿ?"

"ತಾರೀಖು ನೋಡಿ."

ನೋಡಿದೆ. ಕಡಿಮೆ ಬಂದ ಮೂರೂ ನಾನು ಲ್ಯಾಬಿನಲ್ಲಿದ್ದ ದಿನಗಳು. ಜಾಸ್ತಿ ಬಂದ ಮೂರೂ ನಾನಿಲ್ಲದವು.

"ನಾನಿದ್ರೆ ಎದೆ ಹೊಡ್ಕೋಬೇಕಲ್ವಾ?" ಬಾಯಿ ತಪ್ಪಿ ಬಂದೇಬಿಟ್ಟಿತು.

"ಹೊಡ್ಕೊಳ್ಳುತ್ತೆ. ಅದೊಂದನ್ನೇ ನಂಬಿದ್ರೆ ನಿಮಗೆ ಹೆದರ್ತೀನಿ ಅಂತಾಗ್ತಿತ್ತು." ಈ ಸಲ ಅವನು ಬೆಟ್ಟದ ಕಡೆ ನೋಡಲಿಲ್ಲ. "ನೀವಿದ್ರೆ ನೆಮ್ಮದಿಯಾಗಿರ್ತೀನಿ ಮಧುಶ್ರೀ."

"ಒಬ್ಬರದೇ ಆರು ಟ್ಯೂಬ್. ಇದರಿಂದ ಏನೂ ಸಾಬೀತಾಗಲ್ಲ."

"ಗೊತ್ತು."

ಆ 'ಗೊತ್ತು' ಎಷ್ಟು ಮೆತ್ತಗಿತ್ತೆಂದರೆ ನನಗೆ ಅನುಮಾನ ಪಡಲು ಜಾಗವೇ ಸಿಗಲಿಲ್ಲ.

ರಿಜಿಸ್ಟರ್ ಎಳೆದುಕೊಂಡು ಹನ್ನೆರಡನೇ ಸಾಲಿಗೆ ಅಡ್ಡ ಗೆರೆ ಹೊಡೆದೆ. ಯಾರನ್ನೇ ಕೈಬಿಟ್ಟರೂ ಕಾರಣ ಬರೆದು ಇಬ್ಬರೂ ಸಹಿ ಹಾಕಬೇಕು, ಅದು ನಿಯಮ. ಕಾರಣ ಬರೆದು, ಸಹಿ ಹಾಕಿ, ಅವನ ಕಡೆ ತಿರುಗಿಸಿದೆ.

ಓದಿದ. ಮತ್ತೆ ಓದಿದ. "ಸಂಶೋಧಕಿ ಮದುವೆಯಾಗಲಿರುವ ವ್ಯಕ್ತಿ."

"ಮಧುಶ್ರೀ... ನಾಳೆ ಸರ್ ಇದನ್ನ ಓದ್ತಾರೆ ಕಣ್ರೀ!"

"ಓದ್ಲಿ. ರಿಜಿಸ್ಟರಲ್ಲಿ ಸುಳ್ಳು ಬರೆಯೋ ಅಭ್ಯಾಸ ನನಗಿಲ್ಲ. ಸಹಿ ಹಾಕ್ತೀರೋ ಇಲ್ವೋ?"

ಹಾಕಿದ. ಅಕ್ಷರವೆಲ್ಲ ಸೊಟ್ಟಪಟ್ಟ. ಅವನ ಎಂದಿನ ಸಹಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಆದರೂ ನಂಬಿದೆ.