ಡಂಗುರದ ದ್ಯಾವಣ್ಣನೂ ಪಿಸುಗುಡುವ ಬೇಲಿಯೂ

ಬಹಳ ಬಹಳ ಹಿಂದೆ, ಕಾಡಿನ ಕರಡಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ತಾರೆಗಲ್ಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಒಂದೇ ದೊಡ್ಡ ಊರು, ಊರಿಗೆ ಒಂದೇ ದೊಡ್ಡ ಕೆರೆ. ಕೆರೆಯ ಏರಿಯ ಪಕ್ಕ ಮನೆ ಕಟ್ಟಿಕೊಂಡವರನ್ನು ಏರಿಯವರು ಎನ್ನುತ್ತಿದ್ದರು. ಗದ್ದೆಗೆ ನೀರು ಬಿಡುವ ತೂಬಿನ ಪಕ್ಕ ಮನೆ ಕಟ್ಟಿಕೊಂಡವರನ್ನು ತೂಬಿನವರು ಎನ್ನುತ್ತಿದ್ದರು. ತಾವು ಎತ್ತರದಲ್ಲಿದ್ದೇವೆ ಎಂದು ಏರಿಯವರಿಗೆ ಒಂದಿಷ್ಟು ಜಂಬ. ನೀರಿನ ಬಾಯಿ ತಮ್ಮ ಕೈಯಲ್ಲಿದೆ ಎಂದು ತೂಬಿನವರಿಗೆ ಒಂದಿಷ್ಟು ಜಂಬ. ಆ ಜಂಬ ಇಟ್ಟುಕೊಂಡೇ ಹೆಣ್ಣು ಕೊಟ್ಟು ಹೆಣ್ಣು ತಂದು, ಹಬ್ಬಕ್ಕೆ ಕರೆದು ಉಂಡು, ಹೇಗೋ ಚೆನ್ನಾಗಿಯೇ ಇದ್ದರು.

ಏರಿಯವರಲ್ಲಿ ದ್ಯಾವಣ್ಣ ಎಂಬುವನಿದ್ದ. ರಾಜನ ಮಾತನ್ನು ಊರಿಗೆಲ್ಲ ಡಂಗುರ ಸಾರುವುದು ಅವನ ಕೆಲಸ. ಗಂಟಲು ಎಂಥದೆಂದರೆ, ಅವನು ಇಲ್ಲಿ ಕೂಗಿದರೆ ಆಚೆ ಊರಿನ ನಾಯಿ ಬೊಗಳುತ್ತಿತ್ತು. ಅವನ ಹೆಂಡತಿ ಚೆಲುವಿ ತೂಬಿನವರ ಮನೆಮಗಳು. ಚೆಲುವಿಯ ತಮ್ಮ ಲಕ್ಕ ತೂಬು ತೆಗೆದು ಮುಚ್ಚುವ ನೀರಗಂಟಿ. ಹೆಂಡತಿ ಎಂದರೆ ದ್ಯಾವಣ್ಣನಿಗೆ ಪ್ರಾಣ. ಭಾಮೈದನೆಂದರೂ ಅಷ್ಟೇ ಪ್ರೀತಿ.

ಒಂದು ಬೇಸಿಗೆಯ ದಿನ ಚೆಲುವಿ ತವರಿಗೆ ಹೋಗಿದ್ದಳು. ಮಧ್ಯಾಹ್ನ ರಾಜ ದ್ಯಾವಣ್ಣನನ್ನು ಕರೆಸಿ, ತೂಬಿನಲ್ಲಿ ನೀರು ಸೋರುತ್ತಿದೆ, ಜನ ಗುದ್ದಲಿ ಹಿಡಿದು ಬರಲಿ, ಸಾರಿ ಬಾ ಎಂದ. ದ್ಯಾವಣ್ಣ ಒಂದು ಸುತ್ತು ಸಾರಿದ. ಉರಿಬಿಸಿಲು, ಒಬ್ಬರೂ ಎದ್ದು ಬರಲಿಲ್ಲ. ಎರಡನೆಯ ಸುತ್ತು ಸಾರಿದ. ಊರಿಗೆ ಊರೇ ಎದ್ದು ಓಡಿ ಬಂತು. ಎರಡನೆಯ ಸುತ್ತಿನಲ್ಲಿ ಅವನು ಏನು ಸಾರಿದ ಎಂಬುದನ್ನು ಅವನ ಬಾಯಿಂದಲೇ ಕೇಳೋಣ, ಅಷ್ಟು ಹೊತ್ತು ತಡೆಯಿರಿ. ಗುದ್ದಲಿ ಹಿಡಿದು ಬಂದ ಏರಿಯವರು ಸೋರುವ ತೂಬನ್ನು ನೋಡಲೂ ಇಲ್ಲ, ತೂಬಿನವರ ಮೇಲೆ ಬಿದ್ದರು. ತಲೆಗಳು ಒಡೆದವು. ಲಕ್ಕನ ಬಲಗೈ ಮುರಿಯಿತು. ಕೆರೆಯ ನೀರು ಅರ್ಧ ಹರಿದುಹೋಯಿತು.

ಅದೇ ಸಂಜೆ ಪೇಟೆಯ ನಟ್ಟನಡುವೆ ನೆಲ ಬಿರಿದು ಒಂದು ಬೇಲಿ ಎದ್ದು, ಮನೆಗಳ ಹಿತ್ತಿಲು ಹಾದು ಊರನ್ನು ಎರಡು ಹೋಳು ಮಾಡಿತು. ಆಳೆತ್ತರದ ಕರಿ ಮುಳ್ಳುಬೇಲಿ. ಬೆಂಕಿ ಹಚ್ಚಿದರೆ ಉರಿಯದು, ಕೊಡಲಿ ಹಾಕಿದರೆ ಕೊಡಲಿಯೇ ಬಾಗುವುದು. ಅದರ ಒಂದೊಂದು ಮುಳ್ಳೂ ಪಿಸುಗುಡುತ್ತಿತ್ತು. ಈ ಕಡೆಯವರಿಗೆ ಆ ಕಡೆಯವರ ದೂರು, ಆ ಕಡೆಯವರಿಗೆ ಈ ಕಡೆಯವರ ದೂರು. ಹಗಲೆಲ್ಲ ಪಿಸಪಿಸ, ಇರುಳೆಲ್ಲ ಪಿಸಪಿಸ. ಮೂರುಮೂಗಿನ ಬೆಟ್ಟದ ಮಾಂತ್ರಿಕ ಜಾಲಿರಾಯನದೇ ಈ ಕೆಲಸ ಎಂದು ಊರು ಮಾತಾಡಿಕೊಂಡಿತು.

ಅಂದಿನಿಂದ ತಾರೆಗಲ್ಲಿನಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಉಣ್ಣಲು ಕೂತವರು ತಟ್ಟೆ ಹಿಡಿದು ಎದ್ದು ಹಿತ್ತಿಲಿಗೆ ಹೋಗಿ ಬೇಲಿಗೆ ಕಿವಿಗೊಡುತ್ತಿದ್ದರು. ಮಲಗಿದವರು ಮಗ್ಗುಲು ಬದಲಿಸಿ ಬದಲಿಸಿ ಚಾಪೆ ಹರಿದರು. ಎಲ್ಲರಿಗಿಂತ ಹೆಚ್ಚು ಚಡಪಡಿಸಿದವನು ದ್ಯಾವಣ್ಣ. ಹೆಂಡತಿ ಆಚೆ, ತಾನು ಈಚೆ. ಅಂಗಳದಿಂದ ಬೀದಿಗೆ, ಬೀದಿಯಿಂದ ಅಂಗಳಕ್ಕೆ ಅಲೆದೂ ಅಲೆದೂ ಅವನ ಅಂಗಳದಲ್ಲಿ ಕಾಲುದಾರಿಯೇ ಬಿದ್ದಿತು.

ಒಂದು ದಿನ ಅವನು ಡಂಗುರದ ತಮಟೆಯನ್ನು ಬೆನ್ನಿಗೆ ಕಟ್ಟಿಕೊಂಡು, ಜಾಲಿರಾಯನನ್ನು ಹುಡುಕಿ ಬೇಲಿ ಕೀಳಿಸುತ್ತೇನೆ ಎಂದು ಹೊರಟೇಬಿಟ್ಟ.

ಬೆಟ್ಟದ ಬುಡದಲ್ಲಿ ಮೂರು ದಾರಿಗಳಿದ್ದವು. ದ್ಯಾವಣ್ಣ ಎಡಗಡೆಯ ದಾರಿ ಹಿಡಿದ. ಅಲ್ಲೊಂದು ಬಾಗಿಲು, ಬಾಗಿಲಲ್ಲಿ ಜಡೆ ಹೆಣೆದುಕೊಂಡ ಕರಡಿ.

"ಬೇಲಿ ಬೆಳೆಸಿದ್ದು ಯಾರಪ್ಪ?" ಎಂದು ಕರಡಿ ಕೇಳಿತು.

"ಇನ್ಯಾರು? ತೂಬಿನವರು. ಅವರ ಜಂಬದಿಂದಲೇ ಇಷ್ಟೆಲ್ಲ ಆಗಿದ್ದು."

"ಭೇಷ್! ಒಳಗೆ ಹೋಗು" ಎಂದು ಕರಡಿ ಬಾಗಿಲು ತೆರೆಯಿತು. ದ್ಯಾವಣ್ಣ ಹಿಗ್ಗಿನಿಂದ ಕಾಲಿಟ್ಟ. ಇಟ್ಟರೆ, ಅದು ಅವನದೇ ಹಿತ್ತಿಲು! ಎದುರಿಗೆ ಅದೇ ಬೇಲಿ, ಒಂದು ಗೇಣು ಎತ್ತರವಾಗಿ ಬೆಳೆದು ನಿಂತಿದೆ.

ಮತ್ತೆ ಬೆಟ್ಟಕ್ಕೆ ಓಡಿದ. ಈ ಸಲ ಬಲಗಡೆಯ ದಾರಿ. ಅಲ್ಲೊಂದು ಬಾಗಿಲು, ಬಾಗಿಲಲ್ಲಿ ಏಳು ಹೆಡೆಯ ಹಾವು.

"ಬೇಲಿ ಬೆಳೆಸಿದ್ದು ಯಾರಪ್ಪ?" ಏಳು ಬಾಯಲ್ಲೂ ಒಂದೇ ಪ್ರಶ್ನೆ.

"ರಾಜ. ಜಗಳ ನಡೀತಿದ್ದರೆ ಅರಮನೆ ಕಿಟಕಿಯಲ್ಲಿ ನೋಡ್ತಾ ನಿಂತಿದ್ದ."

"ಭೇಷ್! ಒಳಗೆ ಹೋಗು." ದ್ಯಾವಣ್ಣ ಕಾಲಿಟ್ಟ. ಮತ್ತದೇ ಹಿತ್ತಿಲು. ಬೇಲಿ ಒಂದು ಮೊಳ ಬೆಳೆದಿತ್ತು.

ಮೂರನೆಯ ಸಲ ನಡುವಿನ ದಾರಿ. ಬಾಗಿಲಲ್ಲಿ ಬೋಳುತಲೆಯ ರಣಹದ್ದು.

"ಬೇಲಿ ಬೆಳೆಸಿದ್ದು ಯಾರಪ್ಪ?"

ದ್ಯಾವಣ್ಣ ಈ ಸಲ ಯೋಚಿಸಿಯೇ ಹೇಳಿದ: "ಜಾಲಿರಾಯ. ಅವನ ಮಾಟದಿಂದಲೇ ಇದೆಲ್ಲ."

"ಭೇಷ್, ಭೇಷ್! ಇಂಥ ಉತ್ತರ ಯಾರೂ ಕೊಟ್ಟಿರಲಿಲ್ಲ" ಎಂದು ರಣಹದ್ದು ರೆಕ್ಕೆ ಬಡಿದು ಹೊಗಳಿತು. ದ್ಯಾವಣ್ಣ ಕಾಲಿಟ್ಟ. ಹಿತ್ತಿಲು. ಬೇಲಿ ಒಂದು ಮಾರು ಬೆಳೆದು, ಆಚೆ ಮನೆಗಳ ಸೂರೂ ಕಾಣದಂತಾಗಿತ್ತು.

ದ್ಯಾವಣ್ಣನಿಗೆ ಅಳು ಬಂತು. ಅತ್ತ. ಮೂಗು ಒರೆಸಿಕೊಂಡ. ಆಮೇಲೆ ಒಂದು ಯೋಚನೆ ಬಂತು. ಮೂರು ದಾರಿಯೂ ತನ್ನನ್ನು ತಂದು ಬಿಟ್ಟಿದ್ದು ಇದೇ ಜಾಗಕ್ಕೆ, ಅಂದ ಮೇಲೆ ಹುಡುಕಬೇಕಾದ್ದು ಬೆಟ್ಟದಲ್ಲಿಲ್ಲ, ಇಲ್ಲೇ ಇದೆ. ನೆಲಕ್ಕೆ ಬಗ್ಗಿ, ಮೈಯೆಲ್ಲ ತರಚಿಕೊಂಡು, ತೆವಳುತ್ತ ಬೇಲಿಯ ಬುಡಕ್ಕೆ ನುಗ್ಗಿದ.

ಬುಡದಲ್ಲಿ ಒಂದು ಬೆಚ್ಚನೆಯ ಗುಹೆ. ಗುಹೆಯಲ್ಲಿ ಜಾಲಿರಾಯ ಕಾಲು ಚಾಚಿ ಕೂತಿದ್ದ. ಮೇಲಿನಿಂದ ತೊಟ್ಟಿಕ್ಕುವ ದೂರುಗಳನ್ನು ನೆಕ್ಕಿ ನೆಕ್ಕಿ ಹಲಸಿನ ಹಣ್ಣಿನ ಹಾಗೆ ಊದಿಕೊಂಡಿದ್ದ.

"ಬಾ ದ್ಯಾವಣ್ಣ, ನಿನಗೆ ಋಣಿ ನಾನು" ಎಂದು ಮಾಂತ್ರಿಕ ನಕ್ಕ. "ನನ್ನ ಹತ್ತಿರ ಮಾಯೆ ಉಂಟು, ಮಂತ್ರ ಉಂಟು, ಬೀಜ ಮಾತ್ರ ಇರಲಿಲ್ಲ. ನೀನು ಕೊಟ್ಟೆ."

"ನಾನೆಲ್ಲಿ ಕೊಟ್ಟೆ? ರಾಜರು ಹೇಳಿದ್ದನ್ನ ಸಾರಿದೆ, ಅಷ್ಟೆ!"

"ತಾಯಿಬೇರಿಗೆ ಕಿವಿಗೊಡು."

ದ್ಯಾವಣ್ಣ ಕಿವಿಗೊಟ್ಟ. ತೊಡೆಯಷ್ಟು ದಪ್ಪದ ಬೇರು, ಅದರೊಳಗೆ ಒಂದು ದನಿ, ಮತ್ತೆ ಮತ್ತೆ ಅದೇ ಮಾತು. ಆ ದನಿ ಅವನದೇ. ಮರೆತಿದ್ದನೇ? ಪೂರ್ತಿ ಮರೆತಿರಲಿಲ್ಲ. ಆ ಮಾತು ನೆನಪಿಗೆ ಬಂದಾಗಲೆಲ್ಲ ಎದ್ದು ನಡೆದಾಡುತ್ತಿದ್ದ. ಅಂಗಳದಲ್ಲಿ ಬಿದ್ದ ದಾರಿ ಆ ಮಾತಿನಿಂದ ತಪ್ಪಿಸಿಕೊಂಡು ಓಡಿದ ದಾರಿ.

"ಹೆದರಬೇಡ. ನಿನ್ನೊಬ್ಬನಿಗೆ ಒಂದು ಸಂದಿ ಬಿಡ್ತೀನಿ" ಎಂದ ಜಾಲಿರಾಯ. "ದನ ಮನೆಗೆ ತಿರುಗೋ ಹೊತ್ತಿನ ತನಕ ತೆರೆದಿರುತ್ತೆ. ಹೋಗು, ಹೆಂಡತೀನ ಕರಕೊಂಡು ಬಾ. ಬಾಯಿ ಮಾತ್ರ ಇಷ್ಟು ದಿನ ಮುಚ್ಚಿದ್ದ ಹಾಗೇ ಮುಚ್ಚಿರಲಿ. ಅವಳಿಗೂ ತಿಳಿಯೋದು ಬೇಡ, ಊರಿಗೂ ತಿಳಿಯೋದು ಬೇಡ."

ದ್ಯಾವಣ್ಣ ಸಂದಿಯಲ್ಲಿ ತೂರಿ ಆಚೆ ಬಿದ್ದ.

ಎದ್ದು ನೋಡಿದರೆ ಲಕ್ಕನ ಮನೆಯ ಪಡಸಾಲೆ. ಚೆಲುವಿ ತಮ್ಮನಿಗೆ ಮುದ್ದೆ ಮುರಿದು ಬಾಯಿಗೆ ಇಡುತ್ತಿದ್ದಳು. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಲಕ್ಕ ಹಟ ಹಿಡಿದಿದ್ದ. ಬಲಗೈ ಒಣಗಿದ ಬಳ್ಳಿಯಂತೆ ಜೋತಿತ್ತು. ಗಂಡನನ್ನು ಕಂಡು ಚೆಲುವಿ ಎಂಜಲು ಕೈಯಲ್ಲೇ ಓಡಿ ಬಂದಳು.

"ಹೆಂಗ್ ಬಂದೆ? ಮೈಯೆಲ್ಲ ರಕ್ತ! ಇರು, ಅರಿಸಿನ ತರ್ತೀನಿ."

"ಅರಿಸಿನ ಆಮೇಲೆ. ಸಂದಿ ಸಿಕ್ಕಿದೆ ಚೆಲುವಿ, ಈಗಲೇ ಹೊರಡು."

ಅವಳು ಮರುಮಾತಾಡದೆ ಸೀರೆಗಂಟು ಕಟ್ಟತೊಡಗಿದಳು. ಲಕ್ಕ ನಕ್ಕು, "ಹೋಗಕ್ಕ, ನನ್ನ ಚಿಂತೆ ಬಿಡು" ಎಂದ. ಆಮೇಲೆ ದ್ಯಾವಣ್ಣನ ಕಡೆ ತಿರುಗಿದ.

"ಭಾವ, ಒಂದು ಮಾತು ಕೇಳ್ತೀನಿ. ನೀನು ಅವತ್ತು ಆ ಕಡೆ ಇದ್ದೆಯಲ್ಲ. ನಿನ್ನ ಕೈಲಿ ನಮ್ಮ ಮೇಲೆ ಆ ಅಪವಾದ ಸಾರಿಸಿದ್ದು ಯಾರು, ರಾಜರೇನಾ? ನನಗೆ ನೀರಿನ ಸದ್ದಲ್ಲಿ ಡಂಗುರ ಕೇಳಿಸಿರಲಿಲ್ಲ, ಎದೆಮಟ್ಟ ನೀರಲ್ಲಿ ನಿಂತು ತೂಬಿಗೆ ಹುಲ್ಲು, ಮಣ್ಣು ತುರುಕ್ತಾ ಇದ್ದೆ. ಗುದ್ದಲಿ ಹಿಡಕೊಂಡು ಜನ ಓಡಿ ಬರ್ತಿರೋದು ಕಂಡು, ಅಬ್ಬ, ಸಹಾಯಕ್ಕೆ ಬಂದರಲ್ಲಪ್ಪ ಅಂತ ಕೈ ಎತ್ತಿ ಕರೆದೆ. ಆ ಕೈಗೇ ಬಿತ್ತು ನೋಡು."

ದ್ಯಾವಣ್ಣ ಬಾಗಿಲ ಕಡೆ ತಿರುಗಿದ. ಚೆಲುವಿ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಾಯಿ ಮುಚ್ಚಿದರೆ ಇವಳು ಸಿಗುತ್ತಾಳೆ. ಬಾಯಿ ತೆರೆದರೆ ಇವಳು ಯಾವತ್ತೂ ತನ್ನ ಮುಖ ನೋಡಲಿಕ್ಕಿಲ್ಲ. ದೂರದಲ್ಲಿ ದನಗಳ ಕೊರಳಗಂಟೆ ಕೇಳತೊಡಗಿತ್ತು.

ಅವನು ಸಂದಿಯ ಕಡೆಗೆ ಒಂದು ಹೆಜ್ಜೆ ಇಟ್ಟ. ನಿಂತ. ಆಮೇಲೆ ತಿರುಗಿ, ಬೀದಿಬಾಗಿಲು ದಾಟಿ, ತೂಬಿನವರ ಬೀದಿಯ ನಟ್ಟನಡುವೆ ಹೋಗಿ ತಮಟೆ ಬಾರಿಸಿದ.

"ಕೇಳ್ರಪ್ಪೋ ಕೇಳಿ! ತೂಬಿನವರು ಕೇಳಿ, ಏರಿಯವರು ಕೇಳಿ!"

"ಸಂದಿ ಮುಚ್ತೀನಿ ದ್ಯಾವಣ್ಣ!" ಎಂದು ನೆಲದೊಳಗಿನಿಂದ ಜಾಲಿರಾಯ ಕಿರುಚಿದ.

"ಅವತ್ತು ರಾಜರು ಹೇಳಿದ್ದು, ತೂಬು ಸೋರ್ತಿದೆ, ಗುದ್ದಲಿ ತನ್ನಿ, ಇಷ್ಟೇ! ಯಾರೂ ಬರಲಿಲ್ಲ. ಬರಲಿ ಅಂತ ನಾನೇ ಸೇರಿಸಿದೆ! ತೂಬಿನವರು ಬೇಕೂಂತಲೇ ತೂಬು ಒಡೆದವ್ರೆ ಅಂದೆ! ಅದು ಸುಳ್ಳು! ಆ ಸುಳ್ಳು ನನ್ನದು, ಬೇರೆ ಯಾರದೂ ಅಲ್ಲ!"

ಆಮೇಲೆ ಮೊದಲ ಕಲ್ಲು ಬಿತ್ತು, ಎರಡನೆಯದು ಹಣೆಗೆ ಬಿತ್ತು. ದ್ಯಾವಣ್ಣ ಹಣೆ ಒರೆಸಿಕೊಂಡು ಮತ್ತೆ ಸಾರಿದ. ಮೂರನೆಯ ಸಲವೂ ಸಾರಿದ. ಚೆಲುವಿಯ ಕೈಯಿಂದ ಗಂಟು ಜಾರಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೇಲಿಯ ತಾಯಿಬೇರಿನಲ್ಲಿ ಆ ದನಿ ನಿಂತಿತು. ನಿಂತದ್ದೇ ಬೇರು ಬಿರಿಯಿತು. ಆದರೂ ಬೇಲಿ ಬೀಳಲಿಲ್ಲ, ಒಬ್ಬನ ಮಾತಿನಿಂದಲೇ ಅಷ್ಟುದ್ದ ಬೆಳೆದಿರುತ್ತದೆಯೇ? ಆಗ ಬೇಲಿಯಾಚೆ ಏರಿಯವರ ಕಡೆಯಿಂದ ಒಂದು ಮುದುಕಿಯ ದನಿ ಬಂತು.

"ಏ, ನಾನು ಗಾಣದ ಸಿದ್ದಮ್ಮ ಕಣ್ರೋ! ಅವರು ನೀರಿಗೆ ವಿಷ ಬೆರೆಸ್ತಾರೆ ಅಂತ ಹೇಳಿದವಳು ನಾನು. ನಾನೇನು ಕಂಡಿರಲಿಲ್ಲ. ಸುಮ್ಮನೆ ಬಾಯಿಗೆ ಬಂತು, ಅಂದುಬಿಟ್ಟೆ!"

ಒಂದು ಕೊಂಬೆ ಲಟಕ್ಕೆಂದು ಮುರಿದು ಬಿತ್ತು. ಈ ಕಡೆಯ ತೂಬಿನವರಲ್ಲೊಬ್ಬ, "ಏರಿಯವರ ಹುಲ್ಲುಬಣವೆಗೆ ಕಿಡಿ ಇಟ್ಟಿದ್ದು ನಾನು" ಎಂದ. ಇನ್ನೊಂದು ಕೊಂಬೆ. ರಾಜನೂ ಕಿಟಕಿಯಿಂದ ಇಣುಕಿ, "ನನಗೆ ಹೆದರಿಕೆಯಾಗಿ ಇಳಿದು ಬರಲಿಲ್ಲ" ಎಂದ. ದೊಡ್ಡ ಕೊಂಬೆಯೇ ಉರುಳಿತು. ಕತ್ತಲಾಗುವ ಹೊತ್ತಿಗೆ ಬೇಲಿ ಪುಳ್ಳೆಯ ರಾಶಿಯಾಗಿತ್ತು. ಅಕ್ಕಸಾಲಿಯೊಬ್ಬ ಮಾತ್ರ, ನಾನು ಯಾರ ಬಗ್ಗೆಯೂ ಏನೂ ಅಂದವನೇ ಅಲ್ಲ ಎಂದು ಮೀಸೆ ತಿರುವಿದ. ಅವನ ಮನೆಯ ಮುಂದೆ ಮೂರು ಮುಳ್ಳು ಹಾಗೇ ಉಳಿದವು, ಹೋಗಿ ಬರುವಾಗ ಅವನ ಪಂಚೆ ಹಿಡಿದು ಎಳೆಯುತ್ತಿದ್ದವು.

ಜಾಲಿರಾಯ ಏನಾದ ಎಂದಿರಾ? ತಿನ್ನಲು ದೂರಿಲ್ಲದೆ ಇಳಿದ, ಕುಗ್ಗಿದ, ಕಡೆಗೆ ಕಡಲೆಕಾಳಿನಷ್ಟಾದ. ಯಾರದೋ ಮನೆಯ ಕೋಳಿ ಕುಕ್ಕಿ ನುಂಗಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು.

ಮರುದಿನ ಬೆಳಗ್ಗೆ ದ್ಯಾವಣ್ಣ ತಮಟೆಯಿಲ್ಲದೆ ಲಕ್ಕನ ಬಾಗಿಲಿಗೆ ಹೋದ. ಊರಿಗೆಲ್ಲ ಸಾರಿದ್ದನ್ನು ಒಬ್ಬನಿಗೆ ಮೆಲ್ಲನೆ ಹೇಳುವುದು ಇನ್ನೂ ಕಷ್ಟವಾಗಿತ್ತು.

"ನಿನ್ನ ಕೈ ಹೋಗಿದ್ದು ನನ್ನಿಂದ ಲಕ್ಕ."

ಲಕ್ಕ, "ತೂಬು ಎತ್ತೋಕೆ ಎರಡು ಕೈ ಬೇಕು ಭಾವ" ಎಂದು ಎದ್ದು ಕೆರೆಯ ಕಡೆ ನಡೆದ. ದ್ಯಾವಣ್ಣ ಹಿಂದೆಯೇ ಹೋದ.

ಆ ದಿನದಿಂದ ದಿನಾ ಹೋದ. ಲಕ್ಕ ಹೇಳಿದಾಗ ಎತ್ತಿದ, ಹೇಳಿದಾಗ ಇಳಿಸಿದ, ಕೆಸರು ಬಳಿದ, ಬೈಗುಳ ತಿಂದ. ಚೆಲುವಿ ಇಬ್ಬರಿಗೂ ಬುತ್ತಿ ತಂದಿಟ್ಟು, ಗಂಡನ ಕಡೆ ನೋಡದೆ ತಿರುಗಿ ಹೋಗುತ್ತಿದ್ದಳು. ಮುಂಗಾರು ಬಂತು, ಹೋಯಿತು. ಕೆರೆ ತುಂಬಿತು. ಊರವರು ಮೊದಲಿನ ಹಾಗೆ ಜಂಬವನ್ನೂ ಜಗಳವನ್ನೂ ಶುರುಮಾಡಿದರು, ಆದರೆ ಬಯ್ಯುವುದಿದ್ದರೆ ಎದುರಿಗೇ ಬಯ್ಯುತ್ತಿದ್ದರು.

ಒಂದು ಮಧ್ಯಾಹ್ನ ಬುತ್ತಿ ಇಟ್ಟ ಚೆಲುವಿ ತಿರುಗಿ ಹೋಗಲಿಲ್ಲ. ಕೆಸರಲ್ಲಿ ನಿಂತಿದ್ದ ಗಂಡನನ್ನು ಮೊದಲ ಸಲ ನೆಟ್ಟಗೆ ನೋಡಿದಳು.

"ನನಗೆ ಇನ್ನೂ ಕೋಪ ಇದೆ" ಎಂದಳು.

"ಇರಲಿ."

"ಹೋಗುತ್ತೋ ಇಲ್ವೋ ಗೊತ್ತಿಲ್ಲ. ಕೋಪ ಇಟ್ಕೊಂಡೇ ಮನೆಗೆ ಬಂದ್ರೆ ಆಗುತ್ತಾ?"

ಆಚೆ ಊರಿನ ನಾಯಿ ಬೊಗಳುವಂತೆ ಕೂಗುತ್ತಿದ್ದ ದ್ಯಾವಣ್ಣ ಬರೀ ತಲೆಯಾಡಿಸಿದ, ಅಷ್ಟೆ. ಅವಳು ಬಂದಳು. ತಾರೆಗಲ್ಲಿನವರೆಲ್ಲ ಸುಖವಾಗಿದ್ದರು. ನೀವೂ ಸುಖವಾಗಿರಿ, ಕತೆ ಹೇಳಿದ ನನಗೆ ಒಂದು ಲೋಟ ನೀರು ಕೊಡಿ.