ನೀರಿನ ಮಟ್ಟ ಹಿಡಿದವಳು

"ಮೇಡಂ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಬೇಡಿ. ಗಾಳಿ ಆಡದಿದ್ರೆ ನೀರು ಅಲ್ಲಾಡಲ್ಲ."

ಏಣಿಯ ಮೇಲಿಂದ ಮೇಸ್ತ್ರಿ ಕೂಗಿದಾಗ ಅವಳಿಗೆ ನಾಚಿಕೆಯಾಯಿತು. ಅವಳ ಮನೆಯ ಹಿಂಬದಿಯ ಜಗಲಿಗಿಂತ ತೋಟ ನಾಲ್ಕಡಿ ತಗ್ಗು. ತೋಟಕ್ಕಿಂತ, ಅದಕ್ಕೆ ಅಂಟಿದ ಅವನ ಅಂಗಳ ಇನ್ನೂ ಐದಡಿ ತಗ್ಗು. ಹೋದ ಮಳೆಗೆ ತೋಟದ ಅಂಚು ಗುಲಾಬಿ ಗಿಡದ ಸಮೇತ ಕುಸಿದು ಅವನ ಅಂಗಳಕ್ಕಿಳಿದಿತ್ತು. ಮಣ್ಣು ತಡೆಯಲು ಗೋಡೆ ಬೇಕು. ಪಕ್ಕದ ಮನೆಯವನೇ ಮೇಸ್ತ್ರಿಯಾದ್ದರಿಂದ ಕೆಲಸ ಅವನ ಪಾಲಿಗೇ ಬಂತು.

"ಹಾಗೇ ತೋಟದ ಮೇಲೂ ಆಳೆತ್ತರ ಏರಿಸಿಬಿಡಪ್ಪ," ಎಂದಿದ್ದರು ಚಿಕ್ಕಮ್ಮ. "ಮನೇಲಿ ಹೆಣ್ಣುಮಗಳಿದ್ದಾಳೆ."

ಹೆಣ್ಣುಮಗಳಿಗೆ ಮೂವತ್ತೊಂದು. ನಿಶ್ಚಯವಾದ ಮದುವೆ ಮುರಿದು ಆರು ವರ್ಷವಾಗಿತ್ತು. ಅಂದಿನಿಂದ ಚಿಕ್ಕಮ್ಮ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದರು, ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ. ಟೈಲರ್ ಅಂಗಡಿಯ ಶರ್ಟುಗಳು ಮನೆಗೇ ಬರುತ್ತಿದ್ದವು, ಅವಳು ಕಾಜಾ ಹೊಲಿದ ಮೇಲೆ ಹೋಗುತ್ತಿದ್ದವು. ಶರ್ಟುಗಳಿಗಿದ್ದ ಓಡಾಟ ಅವಳಿಗಿರಲಿಲ್ಲ. ಗೇಟು ಕಿರ್ ಎಂದರೆ ಸಾಕು, "ಎಲ್ಲಿಗೆ ಪುಟ್ಟಾ?" ಆ ಪ್ರೀತಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಬೈಯುವವರಾದರೆ ಸಿಟ್ಟು ಮಾಡಿಕೊಳ್ಳಬಹುದು. ಬಿಸಿ ಹಾಲು ಹಿಡಿದು ನಿಂತವರ ಮೇಲೆ ಹೇಗೆ ಸಿಟ್ಟಾಗುವುದು?

ನೀರು ತುಂಬಿದ ಪೈಪಿನ ಒಂದು ತುದಿ ಜಗಲಿಯ ಮೇಲೆ ಅವಳ ಕೈಲಿತ್ತು. ಇನ್ನೊಂದನ್ನು ಅವನು ತನ್ನ ಅಂಗಳದಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಕಟ್ಟಿದ್ದ. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಅಳೆದರೆ ತಗ್ಗೆಷ್ಟೆಂದು ಗೊತ್ತಾಗುತ್ತದೆ. ನೀರು ನೋಡಲು ಅವನು ಏಣಿ ಹತ್ತಲೇಬೇಕು. ಹತ್ತಿದರೆ ಅವನ ಕಣ್ಣು ಅವಳ ಕಣ್ಣಿಗೆ ನೇರ.

ಮೊದಲ ದಿನ ಹೆಬ್ಬೆರಳು ಒತ್ತಿದ್ದು ತಿಳಿಯದೆ. ಅವನು ಹೇಳುವಷ್ಟರಲ್ಲಿ ಅಳತೆಯೆಲ್ಲ ಕೆಟ್ಟಿತ್ತು. ಎರಡನೆಯ ದಿನ ಬೇಕೆಂದೇ ಒತ್ತಿದಳು. ಮೂರನೆಯ ದಿನ ಅವನು ನೋಡಿಯೂ ನೋಡದವನಂತೆ ತಪ್ಪು ಅಳತೆ ಬರೆದುಕೊಂಡ.

"ನಿಮ್ಮ ತೋಟ ರಾತ್ರೋರಾತ್ರಿ ಎರಡಡಿ ಬೆಳೆದಿದೆ," ಎಂದ, ಮೀಸೆಯಡಿ ನಗುತ್ತ.

"ಗೊಬ್ಬರ ಚೆನ್ನಾಗಿ ಹಾಕ್ತೀವಿ."

ನಾಲ್ಕನೆಯ ದಿನ ಚಿಕ್ಕಮ್ಮ ಕಿಟಕಿಯಿಂದ ಇಣುಕಿದರು. "ಇನ್ನೂ ಅಳೀತಾನೇ ಇದ್ದೀಯಲ್ಲೋ! ನಾಳೆ ಕಲ್ಲು ಇಡ್ತೀಯೋ, ಬೇರೆಯವರನ್ನ ಕರೀಲೋ?"

ಕಿಟಕಿ ಮುಚ್ಚಿತು. ಅವನ ನಗು ಮಾಯವಾಯಿತು.

"ಹೆಬ್ಬೆರಳು ತೆಗೀರಿ."

"ತೆಗೆದ್ರೆ ಗೋಡೆ ಕಟ್ತೀರಿ."

"ಕಟ್ಟದಿದ್ರೆ ಮುಂದಿನ ಮಳೆಗೆ ನಿಮ್ಮ ಜಗಲಿಯೂ ಉಳಿಯಲ್ಲ. ಆದ್ರೆ ನಮ್ಮ ಅಂಗಳಕ್ಕೆ ಐದಡಿ ಇಳಿಯೋಕೆ ಗೋಡೇಲಿ ಹತ್ತು ಮೆಟ್ಟಿಲು ಸಾಕು." ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ನನಗೆ ನೀವು ಬೇಕು. ಆದ್ರೂ ನಾನಾಗೇ ಮೆಟ್ಟಿಲು ಇಡಲ್ಲ. ನೀವು ಹೇಳ್ಬೇಕು, ಚಿಕ್ಕಮ್ಮನಿಗೆ ಕೇಳೋ ಹಾಗೆ."

ಅವಳು ಕಿಟಕಿಯ ಕಡೆ ತಿರುಗಿದಳು. ಆರು ವರ್ಷದಲ್ಲಿ ಆ ಮನೆಯಲ್ಲಿ ಒಮ್ಮೆಯೂ ದನಿ ಏರಿಸಿದವಳಲ್ಲ.

"ಚಿಕ್ಕಮ್ಮಾ! ಗೋಡೆಗೆ ಮೆಟ್ಟಿಲು ಇಡಿಸ್ತಿದ್ದೀನಿ."

ಕಿಟಕಿ ತೆರೆಯಿತು. "ಯಾರು ಹತ್ತಿ ಬರೋಕೆ?"

"ನಾನು ಇಳಿದು ಹೋಗೋಕೆ."

ಚಿಕ್ಕಮ್ಮ ಏಣಿಯ ಮೇಲಿದ್ದವನನ್ನು ನೋಡಿದರು, ಅವಳನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ವಾಪಸ್ ಬರ್ತೀಯಾ?"

"ಅದೇ ಮೆಟ್ಟಿಲು ಹತ್ತೋಕೂ ಆಗುತ್ತೆ ಚಿಕ್ಕಮ್ಮಾ."

ಚಿಕ್ಕಮ್ಮ ತೋಟದ ಕುಸಿದ ಅಂಚಿನತ್ತ ನೋಡಿದರು. ಆಮೇಲೆ, "ಹಾಗಾದ್ರೆ ಹಿಡ್ಕೊಳ್ಳೋಕೆ ಕಂಬಿ ಹಾಕ್ಸು. ಜಾರಿ ಬಿದ್ದೀಯ," ಎಂದು ಒಳಗೆ ಹೋದರು.

ಅವಳು ಹೆಬ್ಬೆರಳು ಎತ್ತಿದಳು. ಪೈಪಿನಲ್ಲಿ ನೀರು ತುಯ್ದಾಡಿ, ನಿಧಾನಕ್ಕೆ ನಿಂತಿತು.

"ಸರಿಯಾಯ್ತಾ?"

"ಸರಿಯಾಯ್ತು," ಎಂದ ಮೇಸ್ತ್ರಿ. ಗಳದ ಮೇಲೆ ಗುರುತು ಹಾಕುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ.