ಬಿಲಕ್ಕೆ ಮೂತಿಯಿಟ್ಟ ನಾಯಿ

ಬಹಳ ಹಿಂದೆ, ಭೂಪಟ ಬರೆಯುವವರು ಕಣ್ತಪ್ಪಿ ಬಿಟ್ಟ ಹೊನ್ನಗಡ ಎಂಬ ರಾಜ್ಯವಿತ್ತು. ನಾನು ಹೋಗಿ ಬಂದಿದ್ದೇನೆ, ನೀವು ಸುಮ್ಮನೆ ನಂಬಿ. ಅಲ್ಲಿನ ರಾಜಕುಮಾರ ಉದಯಚಂದ್ರ ಇನ್ನೂ ಹುಡುಗ, ಮಹಾ ಹಟಮಾರಿ. ಯಾರು ಕರೆದರೂ ಬಂದವನಲ್ಲ. ಒಮ್ಮೆ ಕಾಡಿಗೆ ಹೋದವನನ್ನು ಧೂಮಕನೆಂಬ ಮಾಂತ್ರಿಕ ಹಿಡಿದು ನಾಯಿ ಮಾಡಿಬಿಟ್ಟ.

ಬಿಡಿಸಲು ಹೊರಟವಳು ಅರಮನೆಯ ನಾಯಿಗಳನ್ನು ಸಾಕುವ ಕೆಂಪಾಜಮ್ಮ. ತಾಯಿಯಿಲ್ಲದ ಆ ಹುಡುಗನನ್ನೂ ಅವಳೇ ಸಾಕಿದ್ದಳು. ಜೊತೆಗೆ ಮಂತ್ರಿ ಸಂಕಣ್ಣ ಬಂದ.

ಮಾಂತ್ರಿಕನ ಅಂಗಳದಲ್ಲಿ ಬಿಲ ಅಗೆದು ಇಲಿ ಹಿಡಿಯುವ ಟೆರಿಯರ್ ಜಾತಿಯ ಮೂರು ಪುಟ್ಟ ನಾಯಿಗಳಿದ್ದವು. ಒಂದು ಗಿಡ್ಡಕಾಲಿನ ಬಿಳಿಯದು. ಒಂದು ತಂತಿಯಂಥ ಕೂದಲಿನ, ಗಡ್ಡದ ಬೂದುನಾಯಿ. ಇನ್ನೊಂದರ ರೇಷ್ಮೆಗೂದಲು ನೆಲಕ್ಕೆ ತಾಗುತ್ತಿತ್ತು.

“ಒಂದು ನಿನ್ನ ರಾಜಕುಮಾರ, ಉಳಿದೆರಡು ಹುಟ್ಟಾ ನಾಯಿಗಳು,” ಎಂದ ಧೂಮಕ. “ತಾನು ಯಾರೆಂದು ಅವನಿಗೇ ನೆನಪಿಲ್ಲ. ಮೂರು ಪರೀಕ್ಷೆ ಮಾಡಿ, ಹೊತ್ತು ಮುಳುಗುವುದರೊಳಗೆ ಒಂದನ್ನು ಎತ್ತಿಕೋ. ಸರಿಯಾದರೆ ನಾನು ಇಲಿಯಾಗುತ್ತೇನೆ. ತಪ್ಪಾದರೆ ನೀನು ನಾಲ್ಕನೆಯ ನಾಯಿ. ಒಂದೊಂದು ಪರೀಕ್ಷೆಗೂ ನಿನ್ನ ಮೈ ಒಂದಿಷ್ಟು ನಾಯಿಯಾಗುತ್ತಾ ಹೋಗುತ್ತೆ.”

“ರೇಷ್ಮೆಗೂದಲಿನದೇ ಕಣೇ ಕೆಂಪಾಜಿ,” ಎಂದ ಮಂತ್ರಿ. “ಆ ಜಂಬ ನೋಡು, ಅರಮನೆಯದೇ.”

“ಸುಮ್ನಿರಿ ಬುದ್ಧಿ. ಆ ಜಾತಿ ನೋಡೋಕೆ ಮಾತ್ರ ಬೊಂಬೆ.”

ಅವಳು ಅಂಗಳದ ಮೂಲೆಯಲ್ಲಿ ಒಂದು ಇಲಿ ಹಿಡಿದು ಬಿಟ್ಟಳು. ಆ ಬೊಂಬೆಯೇ ನೆಗೆದು ಇಲಿಯ ಕತ್ತು ಹಿಡಿದು ಒಮ್ಮೆ ಕೊಡವಿತು. ಇಲಿ ಮುಗಿಯಿತು. “ಈ ಕೊಡವೋ ವಿದ್ಯೆ ಮಾಟದಿಂದ ಬರಲ್ಲ. ಇದಲ್ಲ,” ಎಂದಳು. ಅವಳ ಅಂಗೈಯಲ್ಲಿ ಕೂದಲು ಮೂಡಿತು.

ಇನ್ನೊಂದು ಇಲಿಯನ್ನು ಬಿಲಕ್ಕೆ ಓಡಿಸಿದಳು. ಬಿಳಿಯದೂ ಬೂದುನಾಯಿಯೂ ಮಣ್ಣನ್ನು ಹಿಂಗಾಲಿನ ಸಂದಿನಿಂದ ಎರಚುತ್ತಾ ಒಂದೇ ಸಮನೆ ಅಗೆದವು. ಏನೂ ತಿಳಿಯಲಿಲ್ಲ. ಅವಳ ಕಿವಿ ಉದ್ದವಾಗಿ ಜೋತುಬಿತ್ತು. ಹೊತ್ತು ಗುಡ್ಡಕ್ಕೆ ತಾಗಿತ್ತು.

ಎರಡೂ ಬಿಲದೊಳಗೆ ಮೂತಿ ತೂರಿಸಿದ್ದವು. ಮೂರನೆಯ ಪರೀಕ್ಷೆಗೆ ಕೆಂಪಾಜಮ್ಮ ಕರೆದಳು: “ಚಿಕ್ಕ ದೊರೇ, ಬಾ.” ಅರ್ಧ ಮಾತು, ಅರ್ಧ ಬೊಗಳು.

ಬಿಳಿಯದು ಬಾಲವನ್ನಷ್ಟೇ ಅಲ್ಲಾಡಿಸಿತು, ಮೂತಿ ತೆಗೆಯಲಿಲ್ಲ. ಬೂದುನಾಯಿ ತಟ್ಟನೆ ನಿಂತು, ಹಿಂದಕ್ಕೆ ಸರಿದು, ಗಡ್ಡದ ತುಂಬ ಮಣ್ಣು ಹೊತ್ತು ಬಂದು ಅವಳ ಪಾದದ ಮೇಲೆ ಕೂತಿತು.

“ನಮ್ಮ ಹುಡುಗ ಕರೆದರೆ ಬರೋನೇನೇ?” ಎಂದ ಸಂಕಣ್ಣ. “ಬಿಳಿಯದನ್ನ ಎತ್ತು. ಆ ಹಟ ಅವನದೇ.”

ಹುಡುಗ ಹಟಮಾರಿ ಎಂದು ಇಡೀ ರಾಜ್ಯವೇ ಹೇಳುತ್ತಿತ್ತು. ಆದರೆ ಹುಟ್ಟಾ ಟೆರಿಯರ್ ಬಿಲಕ್ಕೆ ಮೂತಿಯಿಟ್ಟರೆ ಊರಿಗೆ ಬೆಂಕಿ ಬಿದ್ದರೂ ತೆಗೆಯುವುದಿಲ್ಲ. ಅಂಥ ನಾಯಿಗಳನ್ನು ಕರೆದೂ ಕರೆದೂ ಅವಳ ಗಂಟಲು ಎಷ್ಟು ಸಲ ಕಟ್ಟಿತ್ತೋ. ಆ ಹುಡುಗನ ಹಟವೋ ಬಿಸಿಲಿರುವ ತನಕ. ಗುಡುಗಿದರೆ ಯಾರೂ ಕರೆಯದೆ ನಡುಗುತ್ತಾ ಅವಳ ಮಡಿಲಿಗೆ ಓಡಿಬರುತ್ತಿದ್ದ. ಪಾದದ ಮೇಲಿನ ನಾಯಿ ಹಾಗೆಯೇ ನಡುಗುತ್ತಿತ್ತು.

ಹೇಳಹೊರಟರೆ ಬರೀ ಬೊಗಳು ಬಂತು. ಪಂಜಾಗುತ್ತಿದ್ದ ಕೈಗಳಲ್ಲೇ ಬೂದುನಾಯಿಯನ್ನು ಬಾಚಿ ಎತ್ತಿಕೊಂಡಳು.

ಹೊತ್ತು ಮುಳುಗಿತು. ತೋಳಿನ ಭಾರ ಹೆಚ್ಚಿತು.

“ಕೆಂಪಾಜಿ, ನಿನ್ನ ದನಿ ಯಾಕೆ ಹಾಗಿತ್ತು?” ಎಂದ ರಾಜಕುಮಾರ. ಅವಳ ಮೈಯ ಕೂದಲು ಉದುರಿತು.

ಧೂಮಕನ ನಿಲುವಂಗಿ ಬರಿದಾಗಿ ಕುಸಿಯಿತು. ಅದರಡಿಯಿಂದ ಏನೋ ಬಿಲದ ಕಡೆ ಓಡಿತು. ಬಿಳಿಯದು ಆಗಷ್ಟೇ ಮೂತಿ ಹೊರತೆಗೆದು ನೋಡಿತು. ರೇಷ್ಮೆಗೂದಲಿನದು ಆಗಲೇ ಕೊಡವುತ್ತಿತ್ತು.

ಆ ಎರಡು ನಾಯಿಗಳೂ ಅರಮನೆಯ ಉಗ್ರಾಣ ಸೇರಿದವು, ಹೊನ್ನಗಡದವರೆಲ್ಲ ಉಂಡುಟ್ಟು ನೆಮ್ಮದಿಯಾಗಿದ್ದರು. ಆಮೇಲೆ ರಾಜಕುಮಾರ ಕರೆದ ಕೂಡಲೇ ಬರುತ್ತಿದ್ದನಂತೆ. ಇಡೀ ಕತೆಯಲ್ಲಿ ನಾನು ನಂಬದ ಮಾತು ಇದೊಂದೇ.